ಹಂಡೆ ತೊಳೆಯುವ ದಿನವೇ ಗೀಸರ್ ತೊಳೆಯಿರಿ: ಬೆಂಗಳೂರಿನ ಚಳಿಗೆ ಮನೆಯ ನಲ್ಲಿ, ಪೈಪುಗಳ ತಯಾರಿ

ಬೆಳಿಗ್ಗೆ ಆರಕ್ಕೆ ಎದ್ದು ಮುಖಕ್ಕೆ ನೀರು ಎರಚಿಕೊಂಡಾಗ ಮೈ ಜುಮ್ಮೆಂದರೆ ಬೆಂಗಳೂರಿಗೆ ಚಳಿ ಬಂತು ಅಂತ ಅರ್ಥ. ಅವತ್ತೇ ಬೀದಿಯ ಅಷ್ಟೂ ಮನೆಗಳಲ್ಲಿ ಗೀಸರ್ ಸ್ವಿಚ್ ಬೀಳುತ್ತದೆ. ಬೇಸಿಗೆಯಿಂದ ಸುಮ್ನೆ ಗೋಡೆಗೆ ನೇತು ಬಿದ್ದಿದ್ದ ಗೀಸರ್ ಕೈ ಕೊಡುವುದೂ ಅವತ್ತೇ. ಪ್ಲಂಬರಿಗೆ ಫೋನ್ ಮಾಡಿದರೆ "ನಾಳೆ ಬರ್ತೀನಿ ಸಾರ್" ಅನ್ನುತ್ತಾರೆ. ಆ ನಾಳೆ ಯಾವತ್ತು ಅಂತ ನಿಮಗೂ ಗೊತ್ತು, ನನಗೂ ಗೊತ್ತು.

ನನ್ನ ತಂಗಿ ಅಮೆರಿಕದ ಡಾಲಸ್‌ನಲ್ಲಿದ್ದಾಳೆ. 2021ರ ಫೆಬ್ರವರಿಯಲ್ಲಿ ಟೆಕ್ಸಾಸ್‌ನಲ್ಲಿ ವಿಪರೀತ ಚಳಿ ಬಿದ್ದು ಸಾವಿರಾರು ಮನೆಗಳ ಪೈಪು ಒಡೆದವಲ್ಲ, ಆವಾಗಿನಿಂದ ಅವಳಿಗೆ ಚಳಿಗಾಲ ಅಂದರೆ ಪೈಪಿನದೇ ಚಿಂತೆ. ನೀರು ಮಂಜುಗಡ್ಡೆಯಾದರೆ ಶೇಕಡಾ 9ರಷ್ಟು ಹಿಗ್ಗುತ್ತದೆ, ಪೈಪು ತಡೆಯುವುದಿಲ್ಲ. "ರಾತ್ರಿ ನಲ್ಲೀನ ಸ್ವಲ್ಪ ತೊಟ್ಟಿಕ್ಕೋಕೆ ಬಿಡು ಕಣೋ" ಅಂತ ನನಗೂ ಹೇಳಿದ್ದಳು. ಇಲ್ಲಿ ಅದರ ಅಗತ್ಯ ಇಲ್ಲ. ಬೆಂಗಳೂರಿನಲ್ಲಿ ದಾಖಲಾಗಿರುವ ಅತಿ ಕಡಿಮೆ ಉಷ್ಣಾಂಶ 7.8 ಡಿಗ್ರಿ, ಅದೂ 1884ರ ಜನವರಿ 13ರಂದು. ನಮ್ಮ ಪೈಪಿನಲ್ಲಿ ನೀರು ಗಟ್ಟಿಯಾಗುವ ಮಾತೇ ಇಲ್ಲ.

ಆದರೆ ನಮ್ಮ ಪೈಪಿನಲ್ಲಿ ಗಟ್ಟಿಯಾಗುವುದು ಇನ್ನೊಂದಿದೆ: ಸುಣ್ಣ. ಬೋರ್‌ವೆಲ್ ನೀರಿನ ಗಡಸು ಬಿಸಿ ತಾಗಿದ ಕಡೆಯೆಲ್ಲ ಬಿಳಿ ಪದರವಾಗಿ ಕೂರುತ್ತದೆ. ಅದರ ಜೊತೆಗೆ ಆರೇಳು ತಿಂಗಳು ಬಳಸದೆ ಬಿಟ್ಟ ವಾಲ್ವ್, ಬಿಸಿಲಿಗೆ ಪೆಡಸಾದ ಪೈಪು, ಒಣಗಿದ ವಾಷರ್. ಬೆಂಗಳೂರಿನ ಚಳಿ ಏನನ್ನೂ ಒಡೆಯುವುದಿಲ್ಲ, ನಾವು ನೋಡದೆ ಬಿಟ್ಟಿದ್ದನ್ನು ತೋರಿಸಿಕೊಡುತ್ತದೆ ಅಷ್ಟೇ.

ನಮ್ಮಜ್ಜಿ ಇದಕ್ಕೆಂದೇ ಒಂದು ದಿನ ಇಟ್ಟುಕೊಂಡಿದ್ದರು. ದೀಪಾವಳಿಯ ನೀರು ತುಂಬೋ ಹಬ್ಬ. ನರಕ ಚತುರ್ದಶಿಯ ಹಿಂದಿನ ಸಂಜೆ ಬಚ್ಚಲ ಒಲೆಯಿಂದ ತಾಮ್ರದ ಹಂಡೆ ಇಳಿಸಿ, ಹುಣಸೆಹಣ್ಣು ಹಚ್ಚಿ ತಿಕ್ಕಿ, ಒಳಗೆ ಕಟ್ಟಿದ್ದ ಸುಣ್ಣವನ್ನೆಲ್ಲ ಕೆರೆದು ತೆಗೆದು, ಹೊರಗೆ ಕೆಮ್ಮಣ್ಣು ಬಳಿದು, ಹೊಸ ನೀರು ತುಂಬಿಸುತ್ತಿದ್ದರು. ಬೆಳಗಾದರೆ ಎಣ್ಣೆಸ್ನಾನ. ಚಳಿಗಾಲಕ್ಕೆ ಮುಂಚೆ ನೀರು ಕಾಯಿಸುವ ಪಾತ್ರೆಯ ಸರ್ವಿಸ್ ಅಂದರೆ ಅದೇ ಅಲ್ವಾ? ಹಂಡೆ ಹೋಗಿ ಗೀಸರ್ ಬಂತು, ಹಬ್ಬ ಉಳಿಯಿತು, ತಿಕ್ಕುವುದು ಮಾತ್ರ ಬಿಟ್ಟುಹೋಯಿತು. ನಾನು ನಾಲ್ಕು ವರ್ಷದಿಂದ ದೀಪಾವಳಿಯ ಹಿಂದಿನ ಭಾನುವಾರವನ್ನು ಈ ಕೆಲಸಕ್ಕೆ ಇಟ್ಟಿದ್ದೇನೆ. ನಿಮಗೆ ತಡವಾದರೆ ಬಸವನಗುಡಿಯ ಕಡಲೆಕಾಯಿ ಪರಿಷೆಯೊಳಗಾದರೂ ಮುಗಿಸಿ. ಆಮೇಲೆ ಪ್ಲಂಬರ್ ಸಿಗುವುದು ಕಷ್ಟ.

ಮೊದಲು ವಾಲ್ವ್‌ಗಳ ಪರಿಚಯ

ಕಾಫಿ ಕುಡಿದು ಟೆರೇಸ್ ಹತ್ತಿ. ಟ್ಯಾಂಕಿನ ಬುಡದಲ್ಲಿ ಎಷ್ಟು ಪೈಪು ಇಳಿದಿವೆ, ಪ್ರತಿಯೊಂದಕ್ಕೂ ವಾಲ್ವ್ ಇದೆಯಾ ನೋಡಿ. ಈಗ ಒಂದೊಂದೇ ವಾಲ್ವ್ ಮುಚ್ಚಿ, ಕೆಳಗೆ ಇನ್ನೊಬ್ಬರು ನಲ್ಲಿಗಳನ್ನು ತೆರೆದು ನೋಡಲಿ. ನಮ್ಮ ಮನೆಯಲ್ಲಿ ನಾನು ಮೇಲಿನಿಂದ "ನಿಂತ್ತಾ?" ಅಂತ ಕೂಗುವುದು, ಹೆಂಡತಿ ಕೆಳಗಿನಿಂದ "ಅಡುಗೆಮನೇದು ನಿಂತಿದೆ, ಬಚ್ಚಲದ್ದು ಇನ್ನೂ ಬರ್ತಿದೆ" ಅನ್ನುವುದು, ಪಕ್ಕದ ಮನೆಯವರು ಕಿಟಕಿ ತೆಗೆದು ನೋಡುವುದು, ಹೀಗೆ ಅರ್ಧ ಗಂಟೆ ನಡೆಯಿತು. ಆದರೆ ಅವತ್ತು ಗೊತ್ತಾಗಿದ್ದನ್ನು ಪೇಂಟಿನಲ್ಲಿ ವಾಲ್ವ್ ಪಕ್ಕದ ಗೋಡೆ ಮೇಲೆ ಬರೆದಿಟ್ಟೆವು: ಅಡುಗೆಮನೆ, ಕೆಳಗಿನ ಬಚ್ಚಲು, ಸೋಲಾರ್. ರಾತ್ರಿ ಹನ್ನೊಂದಕ್ಕೆ ಪೈಪು ಕಿತ್ತುಕೊಂಡಾಗ ಈ ಮೂರು ಪದ ಎಷ್ಟು ಉಪಕಾರಕ್ಕೆ ಬರುತ್ತವೆ ಅಂತ ಅನುಭವಿಸಿದವರಿಗೇ ಗೊತ್ತು.

ಹಳೇ ಹಿತ್ತಾಳೆ ಗೇಟ್ ವಾಲ್ವ್ ಆಗಿದ್ದರೆ ಅದು ಹಿಡಿದುಕೊಂಡಿರಬಹುದು. ಜೋರು ಮಾಡಬೇಡಿ. ಒಳಗಿನ ಕಡ್ಡಿ ಮುರಿದರೆ ಹಿಡಿ ಸುಮ್ನೆ ತಿರುಗುತ್ತಾ ಇರುತ್ತದೆ, ನೀರು ನಿಲ್ಲುವುದಿಲ್ಲ. ಅಂಥದನ್ನು ತೆಗೆಸಿ ಬಾಲ್ ವಾಲ್ವ್ ಹಾಕಿಸಿಬಿಡಿ. ಕಾಲು ಸುತ್ತಿಗೆ ಮುಚ್ಚುತ್ತದೆ, ತೆರೆದಿದೆಯಾ ಮುಚ್ಚಿದೆಯಾ ಅಂತ ಹಿಡಿ ನೋಡಿದರೇ ಗೊತ್ತಾಗುತ್ತದೆ. ಬಚ್ಚಲಲ್ಲಿ ಗೀಸರ್ ಕೆಳಗೆ ಗೋಡೆಯಲ್ಲಿರುವ ಚಿಕ್ಕ ವಾಲ್ವ್‌ಗಳನ್ನೂ, ಅಂದರೆ ಆಂಗಲ್ ಕಾಕ್‌ಗಳನ್ನೂ, ಒಮ್ಮೆ ಮುಚ್ಚಿ ತೆರೆಯಿರಿ. ವರ್ಷಕ್ಕೊಮ್ಮೆಯಾದರೂ ತಿರುಗಿಸದಿದ್ದರೆ ಅವೂ ಕೂತುಬಿಡುತ್ತವೆ.

ಟೆರೇಸಿನಲ್ಲಿ ಇದ್ದಾಗಲೇ ಪೈಪುಗಳ ಮೇಲೆ ಕೈಯಾಡಿಸಿ. ಬೆಳ್ಳಗಿರುವುದು ಯುಪಿವಿಸಿ, ತಣ್ಣೀರಿಗೆ. ಕೆನೆ ಬಣ್ಣದ್ದು ಸಿಪಿವಿಸಿ, ಬಿಸಿನೀರಿಗೆ. ಬಿಸಿನೀರಿನ ಲೈನಿನಲ್ಲಿ ಮಧ್ಯೆ ಎಲ್ಲಾದರೂ ಬಿಳಿ ತುಂಡು ಕಂಡರೆ ಯಾರೋ ಕೈಗೆ ಸಿಕ್ಕಿದ್ದನ್ನು ಸೇರಿಸಿ ಹೋಗಿದ್ದಾರೆ ಅಂತ ಲೆಕ್ಕ. ಬಿಸಿಗೆ ಅದು ಮೆತ್ತಗಾಗಿ ಬಾಗುತ್ತದೆ, ಜಾಯಿಂಟ್ ಬಿಡುತ್ತದೆ. ಬದಲಾಯಿಸಲೇಬೇಕು. ಜಾಯಿಂಟ್ ಸುತ್ತ ಬಿಳಿ ಪುಡಿಯೋ ಹಸಿರು ಪಾಚಿಯೋ ಇದ್ದರೆ ಅಲ್ಲಿ ನೀರು ಜಿನುಗುತ್ತಿದೆ. ಪೈಪು ಕ್ಲಾಂಪ್ ಬಿಟ್ಟು ಜೋತು ಬಿದ್ದಿದ್ದರೆ ಕ್ಲಾಂಪ್ ಹಾಕಿಸಿ. ಮಲ್ಲೇಶ್ವರ, ಚಾಮರಾಜಪೇಟೆ ಕಡೆಯ ಹಳೇ ಮನೆಗಳಲ್ಲಿ ಇನ್ನೂ ಜಿಐ, ಅಂದರೆ ಸತು ಲೇಪಿಸಿದ ಕಬ್ಬಿಣದ ಪೈಪುಗಳಿವೆ. ಬೆಳಿಗ್ಗೆ ಮೊದಲ ಚೊಂಬು ನೀರು ಕೆಂಪಗೆ ಬಂದರೆ ಒಳಗೆ ತುಕ್ಕು ಹಿಡಿದಿದೆ. ಅದಕ್ಕೆ ಈ ಲೇಖನದಲ್ಲಿ ಮದ್ದಿಲ್ಲ, ಪೈಪೇ ಬದಲಾಗಬೇಕು.

ಮಳೆಗಾಲ ಮುಗಿದ ಮೇಲೆ ಓವರ್‌ಹೆಡ್ ಟ್ಯಾಂಕ್ ತೊಳೆಸುವುದನ್ನು ಯಾರಿಗೂ ಹೇಳಿಕೊಡಬೇಕಾಗಿಲ್ಲ. ತಳದ ಕೆಸರು ಕೊನೆಗೆ ಹೋಗಿ ಕೂರುವುದು ಗೀಸರ್ ಹೊಟ್ಟೆಯಲ್ಲಿ ಅಂತ ನೆನಪಿದ್ದರೆ ಸಾಕು.

ಕಾವೇರಿ ನೀರು ಎಲ್ಲಿಗೆ, ಬೋರ್ ನೀರು ಎಲ್ಲಿಗೆ?

ಇದೊಂದು ಚಿಕ್ಕ ವಿಷಯ, ಲಾಭ ಮಾತ್ರ ದೊಡ್ಡದು. ನಿಮ್ಮ ಮನೆಗೆ ಎರಡೂ ನೀರು ಬರುತ್ತಿದ್ದರೆ, ಎರಡು ಟ್ಯಾಂಕ್ ಇದ್ದರೆ, ಗೀಸರಿಗೂ ಸೋಲಾರಿಗೂ ಕಾವೇರಿ ನೀರೇ ಹೋಗುವ ಹಾಗೆ ಲೈನ್ ಮಾಡಿಸಿ. ಬೋರ್ ನೀರು ಫ್ಲಶ್ಶಿಗೆ, ಗಿಡಕ್ಕೆ, ಅಂಗಳ ತೊಳೆಯಲು ಇರಲಿ. ಎಷ್ಟೋ ಮನೆಗಳಲ್ಲಿ ಇದು ಉಲ್ಟಾ ಇದೆ. ಕುಡಿಯಲು ಅಂತ ಕಾವೇರಿಯನ್ನು ಅಡುಗೆಮನೆಗೆ ಮಾತ್ರ ಕೊಟ್ಟು, ಬಚ್ಚಲಿಗೆಲ್ಲ ಬೋರ್ ನೀರು ಬಿಟ್ಟಿರುತ್ತಾರೆ. ಗೀಸರ್ ಕಾಯಿಲ್ ಎರಡು ವರ್ಷಕ್ಕೊಮ್ಮೆ ಸುಟ್ಟು ಹೋಗುತ್ತದೆ, ಕಂಪನಿಯನ್ನು ಬೈಯುತ್ತಾರೆ.

ನೀರು ಎಷ್ಟು ಗಡಸು ಅಂತ ತಿಳಿಯಲು ಟಿಡಿಎಸ್ ಮೀಟರ್ ನಂಬಬೇಡಿ. ಅದು ನೀರಿನಲ್ಲಿ ಕರಗಿರುವ ಒಟ್ಟು ಲವಣದ ಅಂದಾಜು ಹೇಳುತ್ತದೆ, ಗಡಸನ್ನು ಬೇರೆಯಾಗಿ ಹೇಳುವುದಿಲ್ಲ. ಗಡಸುತನದ ಟೆಸ್ಟೇ ಬೇರೆ ಇದೆ, ನೀರಿನ ಪರೀಕ್ಷೆ ಮಾಡುವ ಲ್ಯಾಬುಗಳಲ್ಲಿ ಮಾಡಿಕೊಡುತ್ತಾರೆ. ಕುಡಿಯುವ ನೀರಿಗೆ ಭಾರತೀಯ ಮಾನಕ ಸಂಸ್ಥೆ ಹೇಳಿರುವ ಮಿತಿ ಲೀಟರಿಗೆ 200 ಮಿಲಿಗ್ರಾಂ. ಬೇರೆ ನೀರೇ ಇಲ್ಲದಿದ್ದರೆ 600ರವರೆಗೆ ಆಗಬಹುದು. ಲ್ಯಾಬಿಗೆಲ್ಲ ಯಾರು ಹೋಗುತ್ತಾರೆ ಅಂತೀರಾ? ಬಕೆಟ್ಟಿನ ಅಂಚು ನೋಡಿ. ವಾರಕ್ಕೇ ಬಿಳಿ ಗೆರೆ ಬೀಳುತ್ತಿದ್ದರೆ, ಸೋಪು ನೊರೆ ಬರುವುದಕ್ಕೆ ಸತಾಯಿಸುತ್ತಿದ್ದರೆ, ನಿಮ್ಮ ಗೀಸರ್ ಒಳಗೂ ಅದೇ ಕಥೆ.

ಗೀಸರ್: ಸುಣ್ಣದ ಗೂಡು

ಮೂರು ವರ್ಷ ಮುಟ್ಟದೆ ಬಿಟ್ಟಿದ್ದ ನಮ್ಮ 25 ಲೀಟರ್ ಗೀಸರನ್ನು ಮೆಕ್ಯಾನಿಕ್ ಬಿಚ್ಚಿದಾಗ ನಾನು ಪಕ್ಕದಲ್ಲೇ ಸ್ಟೂಲ್ ಹಿಡಿದು ನಿಂತಿದ್ದೆ. ಕೆಳಗಿನ ತಟ್ಟೆಯ ನಟ್ಟುಗಳನ್ನು ಬಿಚ್ಚಿ ಕಾಯಿಲ್ ಎಳೆದರೆ ಹೊರಗೆ ಬರಲೇ ಇಲ್ಲ. ಅಲ್ಲಾಡಿಸಿ, ತಿರುಗಿಸಿ ಎಳೆದಾಗ ಬಂದದ್ದು ಕಾಯಿಲ್ ಅಲ್ಲ, ಹೆಬ್ಬೆರಳು ದಪ್ಪದ ಬಿಳಿ ಕೋಲು. ಜೊತೆಗೆ ಎರಡು ಹಿಡಿ ಸುಣ್ಣದ ಚೂರು ದಬದಬ ಅಂತ ಬಕೆಟ್ಟಿಗೆ ಬಿತ್ತು, ಮೊಟ್ಟೆ ಸಿಪ್ಪೆಯ ಹಾಗೆ ತೆಳ್ಳಗೆ. "ಸಾರ್, ಇದರಲ್ಲಿ ಒಂದು ಗೋಡೆಗೆ ಸುಣ್ಣ ಹೊಡೀಬಹುದು" ಅಂದರು ಆ ಮನುಷ್ಯ.

ಸುಣ್ಣ ಕಟ್ಟಿದರೆ ಕರೆಂಟ್ ಬಿಲ್ ಎರಡರಷ್ಟಾಗುತ್ತದೆ ಅನ್ನುವವರಿದ್ದಾರೆ. ಅಷ್ಟೇನೂ ಇಲ್ಲ. ಕಾಯಿಲ್ ನೀರಿನೊಳಗೇ ಇರುವುದರಿಂದ ಅದರ ಬಿಸಿ ಕೊನೆಗೆ ನೀರಿಗೇ ಸೇರಬೇಕು. ನಿಜವಾದ ತೊಂದರೆ ಏನೆಂದರೆ, ಸುಣ್ಣದ ಹೊದಿಕೆಯೊಳಗೆ ಕಾಯಿಲ್ ತಾನೇ ವಿಪರೀತ ಕಾದು ಒಡೆಯುತ್ತದೆ. ಒಡೆದ ಕಾಯಿಲ್‌ನಿಂದ ನೀರಿಗೆ ಕರೆಂಟು ಹರಿಯಬಹುದು. ಸ್ನಾನದ ನೀರಿಗೆ. ಅದಕ್ಕೇ ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ ಅನ್ನುವುದು.

ಗೀಸರ್ ಇನ್ನೂ ವಾರಂಟಿಯಲ್ಲಿದ್ದರೆ ಕಂಪನಿಯವರನ್ನೇ ಕರೆಸಿ. ಇಲ್ಲದಿದ್ದರೆ ಒಳ್ಳೆಯ ಮೆಕ್ಯಾನಿಕ್ ಸಾಕು. ಕಾಯಿಲ್ ಬಿಚ್ಚುವ ಕೆಲಸವನ್ನು ಯೂಟ್ಯೂಬ್ ನೋಡಿ ನೀವೇ ಮಾಡಿ ಅಂತ ನಾನು ಹೇಳುವುದಿಲ್ಲ. ಆದರೆ ಕೆಲಸ ಯಾವ ಕ್ರಮದಲ್ಲಿ ಆಗಬೇಕು ಅಂತ ನಿಮಗೆ ಗೊತ್ತಿರಲಿ, ಪಕ್ಕದಲ್ಲಿ ನಿಂತು ಮಾಡಿಸಿ.

1. ಸ್ವಿಚ್ ಆರಿಸಿದರೆ ಸಾಲದು. ಬೋರ್ಡಿನಲ್ಲಿ ಗೀಸರಿನ ಎಂಸಿಬಿ ಇಳಿಸಿ, ಪ್ಲಗ್ ಕಿತ್ತುಬಿಡಿ. ಹಿಂದಿನ ರಾತ್ರಿಯಿಂದಲೇ ಆರಿಸಿಟ್ಟರೆ ನೀರೂ ತಣ್ಣಗಾಗಿರುತ್ತದೆ.

2. ತಣ್ಣೀರು ಒಳಹೋಗುವ ಆಂಗಲ್ ಕಾಕ್ ಮುಚ್ಚಿ. ಬಿಸಿನೀರಿನ ನಲ್ಲಿ ತೆರೆದು ಒಳಗಿನ ಒತ್ತಡ ಬಿಡಿ. ನಲ್ಲಿ ತೆರೆದೇ ಇರಲಿ, ಗಾಳಿ ಒಳಹೋಗಬೇಕು.

3. ತಣ್ಣೀರಿನ ಕಡೆಯ ಕನೆಕ್ಷನ್ ಪೈಪ್ ಬಿಚ್ಚಿ. 25 ಲೀಟರ್ ಗೀಸರ್ ಆದರೆ ಎರಡು ಬಕೆಟ್ ನೀರು ಬರುತ್ತದೆ. ಮೊದಲ ಮಗ್ ನೀರನ್ನು ಬಿಳಿ ಪಾತ್ರೆಗೆ ಹಿಡಿದು ನೋಡಿ, ಒಳಗಿನ ಸ್ಥಿತಿ ಗೊತ್ತಾಗುತ್ತದೆ.

4. ಕಾಯಿಲ್ ಹೊರಬಂದ ಮೇಲೆ ಸುತ್ತಿಗೆ, ಸ್ಕ್ರೂಡ್ರೈವರಿನಿಂದ ಕುಟ್ಟುವುದು ಬೇಡ. ಒಂದು ಲೀಟರ್ ನೀರಿಗೆ ಸುಮಾರು 50 ಗ್ರಾಂ ನಿಂಬೆಉಪ್ಪು (ಸಿಟ್ರಿಕ್ ಆಸಿಡ್) ಕರಗಿಸಿ ಒಂದೆರಡು ಗಂಟೆ ನೆನೆಸಿಡಿ. ವೈರ್ ಸಿಗಿಸುವ ತುದಿಗೆ ನೀರು ತಾಗಬಾರದು. ಗುಳ್ಳೆ ಗುಳ್ಳೆಯಾಗಿ ಸುಣ್ಣ ಕರಗುವುದು ಕಣ್ಣಿಗೇ ಕಾಣುತ್ತದೆ. ಅಜ್ಜಿಯ ಹುಣಸೆಹಣ್ಣು ಹಂಡೆಗೆ ಮಾಡುತ್ತಿದ್ದ ಕೆಲಸ ಇದೇ, ಹುಳಿ ಸುಣ್ಣವನ್ನು ತಿನ್ನುತ್ತದೆ. ಕೆಲವರು ಬಾತ್‌ರೂಮ್ ತೊಳೆಯುವ ಆಸಿಡ್ ಸುರಿಯುತ್ತಾರೆ. ಬೇಗ ಆಗುತ್ತದೆ, ನಿಜ, ಲೋಹವೂ ಜೊತೆಗೆ ಹೋಗುತ್ತದೆ. ಬಿಡಬೇಡಿ. ಟ್ಯಾಂಕಿನ ಒಳಗೆ ಗಾಜಿನ ಲೇಪನ ಇದ್ದರೆ ಕಬ್ಬಿಣದ ಬ್ರಷ್ ಕೂಡ ಹಾಕಬಾರದು.

5. ಆನೋಡ್ ರಾಡ್ ತೋರಿಸಿ ಅಂತ ಕೇಳಿ. ಮೆಗ್ನೀಷಿಯಂನ ಈ ಕಡ್ಡಿ ಟ್ಯಾಂಕಿನ ಬದಲು ತಾನು ಸವೆಯುತ್ತದೆ, ಅದೇ ಅದರ ಕೆಲಸ. ಹೊಸದು ಕೈಬೆರಳಿನಷ್ಟು ದಪ್ಪ ಇರುತ್ತದೆ. ಒಳಗಿನ ತಂತಿ ಕಾಣುವಷ್ಟು ಸವೆದಿದ್ದರೆ ಬದಲಾಯಿಸಿ. ಎಷ್ಟೋ ಜನ ಹತ್ತು ವರ್ಷ ಗೀಸರ್ ಬಳಸಿಯೂ ಇದರ ಹೆಸರು ಕೇಳಿರುವುದಿಲ್ಲ. ಟ್ಯಾಂಕ್ ತೂತಾದಾಗ ಮಾತ್ರ ಕೇಳುತ್ತಾರೆ.

6. ಕೆಳಗಿನ ತಟ್ಟೆ ಕೂರಿಸುವಾಗ ನೀರು ಸೋರದಂತೆ ತಡೆಯುವ ಗ್ಯಾಸ್ಕೆಟ್ ಹೊಸದು ಹಾಕಿಸಿ. ಹಳೇದೇ ಕೂರುತ್ತೆ ಬಿಡಿ ಸಾರ್ ಅಂದರೆ ಒಪ್ಪಬೇಡಿ.

7. ನೀರು ತುಂಬಿಸಿ. ಬಿಸಿನೀರಿನ ನಲ್ಲಿಯಲ್ಲಿ ಮೊದಲು ಗಾಳಿ ಬುಸಬುಸ ಅನ್ನುತ್ತದೆ, ಆಮೇಲೆ ಧಾರೆ ಸರಿಯಾಗಿ ಬೀಳುತ್ತದೆ. ಧಾರೆ ಸರಿಯಾದ ಮೇಲೆಯೇ ಸ್ವಿಚ್. ಖಾಲಿ ಗೀಸರಿಗೆ ಕರೆಂಟ್ ಕೊಟ್ಟರೆ ಹೊಸ ಕಾಯಿಲ್ ನಿಮಿಷಗಳಲ್ಲಿ ಸುಟ್ಟುಹೋಗುತ್ತದೆ.

ಇನ್ನು ಸೇಫ್ಟಿ ವಾಲ್ವ್. ಗೀಸರಿಗೆ ತಣ್ಣೀರು ಹೋಗುವ ಕಡೆ ಚಿಕ್ಕ ಹಿಡಿ ಇರುವ ಒಂದು ಹಿತ್ತಾಳೆ ತುಂಡು ಇರುತ್ತದೆ ನೋಡಿ, ಅದು. ನೀರು 20ರಿಂದ 60 ಡಿಗ್ರಿಗೆ ಕಾದರೆ ಶೇಕಡಾ ಒಂದೂವರೆಯಷ್ಟು ಹಿಗ್ಗುತ್ತದೆ. 25 ಲೀಟರಿಗೆ ಒಂದು ದೊಡ್ಡ ಲೋಟದಷ್ಟು. ಹಿಂದಕ್ಕೆ ಹೋಗಲು ದಾರಿ ಇಲ್ಲದಿದ್ದರೆ ಆ ನೀರು ಈ ವಾಲ್ವಿನಿಂದ ತೊಟ್ಟಿಕ್ಕುತ್ತದೆ. ಗೀಸರ್ ಕಾಯುವಾಗ ನಾಲ್ಕು ಹನಿ ಬಿದ್ದರೆ ಅದು ಸೋರಿಕೆ ಅಲ್ಲ, ವಾಲ್ವ್ ಬದುಕಿದೆ ಅಂತ ಅರ್ಥ. ನಮ್ಮ ಹಿಂದಿನ ಬೀದಿಯ ಮನೆಯೊಂದರಲ್ಲಿ ಹನಿ ಬೀಳುತ್ತದೆ ಅಂತ ಪ್ಲಂಬರ್ ಅದಕ್ಕೆ ಡಮ್ಮಿ ಮುಚ್ಚಳ ಹಾಕಿ ಬಿಗಿದು ಹೋಗಿದ್ದ. ನೋಡಿದವರಿಗೆ ಎದೆ ಧಸಕ್ಕೆಂದಿತು. ಥರ್ಮೋಸ್ಟಾಟ್ ಕೆಟ್ಟ ದಿನ ಅದು ಗೀಸರ್ ಅಲ್ಲ, ಬಾಂಬು. ಗೀಸರ್ ತಣ್ಣಗಿರುವಾಗ ಹಿಡಿಯನ್ನು ಒಮ್ಮೆ ಎತ್ತಿ ನೋಡಿ. ನೀರು ಚಿಮ್ಮಿ, ಬಿಟ್ಟಾಗ ನಿಲ್ಲಬೇಕು. ಚಿಮ್ಮದಿದ್ದರೆ ಸುಣ್ಣ ಹಿಡಿದಿದೆ, ಬದಲಾಯಿಸಿ. ಯಾವಾಗಲೂ ಸುರಿಯುತ್ತಿದ್ದರೂ ಬದಲಾಯಿಸಿ.

ಅಪಾರ್ಟ್‌ಮೆಂಟಿನವರಿಗೆ ಒಂದು ಮಾತು. ಟ್ಯಾಂಕಿನಿಂದ ಪ್ರತಿ 10 ಮೀಟರ್ ಕೆಳಗಿಳಿದಂತೆ ಒತ್ತಡ ಹತ್ತಿರ ಹತ್ತಿರ 1 ಬಾರ್ ಏರುತ್ತದೆ. ಎತ್ತರದ ಕಟ್ಟಡದ ಕೆಳಗಿನ ಮಹಡಿಗಳಲ್ಲಿದ್ದರೆ ನಿಮ್ಮ ಗೀಸರ್ ಎಷ್ಟು ಬಾರ್ ತಡೆಯುತ್ತದೆ ಅಂತ ಅದರ ಲೇಬಲ್ ಮೇಲೆ ನೋಡಿ. ಮಧ್ಯದಲ್ಲಿ ಒತ್ತಡ ಇಳಿಸುವ ವಾಲ್ವ್ ಇದೆಯಾ ಅಂತ ಅಸೋಸಿಯೇಷನ್‌ನವರನ್ನು ಕೇಳಿ.

ಥರ್ಮೋಸ್ಟಾಟನ್ನು 55ರಿಂದ 60ರೊಳಗೆ ಇಡಿ. ಜಾಸ್ತಿ ಬಿಸಿಯಾದಷ್ಟೂ ಸುಣ್ಣವೂ ಜಾಸ್ತಿ. ತೀರಾ ಉಗುರುಬೆಚ್ಚಗೆ ಇಟ್ಟರೆ ನಿಂತ ನೀರಿನಲ್ಲಿ ರೋಗಾಣು ಬೆಳೆಯಬಹುದು. ಮಕ್ಕಳಿರುವ ಮನೆಯಲ್ಲಿ ಬಕೆಟ್ಟಿಗೆ ಮೊದಲು ತಣ್ಣೀರು, ಆಮೇಲೆ ಬಿಸಿನೀರು. 60 ಡಿಗ್ರಿ ನೀರು ಕೆಲವೇ ಕ್ಷಣಗಳಲ್ಲಿ ಚರ್ಮ ಸುಡುತ್ತದೆ.

ಕರೆಂಟಿನ ಲೆಕ್ಕ ಕೇಳುವವರಿಗೆ: 25 ಲೀಟರ್ ನೀರನ್ನು 20ರಿಂದ 60 ಡಿಗ್ರಿಗೆ ಕಾಯಿಸಲು ಸುಮಾರು 1.2 ಯೂನಿಟ್ ಬೇಕು. 2 ಕಿಲೋವಾಟ್ ಕಾಯಿಲ್ ಆದರೆ 35 ನಿಮಿಷ. ದಿನಕ್ಕೆ ಎರಡು ಸಲ ಪೂರ್ತಿ ಕಾಯಿಸಿದರೆ ತಿಂಗಳಿಗೆ 72 ಯೂನಿಟ್. ಗೃಹಜ್ಯೋತಿಯಲ್ಲಿ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕಾಗುತ್ತದೆ. ಅಂಚಿನಲ್ಲಿರುವವರು ಡಿಸೆಂಬರಿನಲ್ಲಿ ಈ ಲೆಕ್ಕ ಹಾಕಿಕೊಳ್ಳುವುದು ಒಳ್ಳೆಯದು.

ಪ್ಲಗ್ ಪಾಯಿಂಟ್ 16 ಆಂಪಿಯರಿನದೇ ಆಗಿರಬೇಕು, ಅರ್ತಿಂಗ್ ಸರಿ ಇರಬೇಕು. ಮನೆಯ ಬೋರ್ಡಿನಲ್ಲಿ ಕರೆಂಟ್ ಸೋರಿದರೆ ತಾನೇ ಬೀಳುವ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ ಸ್ವಿಚ್ ಇದ್ದರೆ ಅದರ ಟೆಸ್ಟ್ ಬಟನ್ ಒತ್ತಿ, ಬೀಳುತ್ತದಾ ನೋಡಿ. ಇಲ್ಲದಿದ್ದರೆ ಹಾಕಿಸಿ. ಇದು ಪ್ಲಂಬಿಂಗ್ ಅಲ್ಲ, ಆದರೆ ಇದನ್ನು ಬಿಟ್ಟು ಗೀಸರ್ ಬಗ್ಗೆ ಬರೆಯಲು ನನಗೆ ಮನಸ್ಸಿಲ್ಲ.

ಸೋಲಾರ್: ಬಿಸಿಲಿದ್ದೂ ಬಿಸಿನೀರಿಲ್ಲ ಅಂದರೆ

ಟೆರೇಸಿನ ಸೋಲಾರ್ ನೋಡುವುದು ಸುಲಭ. ಗಾಜು ಒರೆಸಿ. ಪಕ್ಕದ ಕಟ್ಟಡ ಈ ವರ್ಷ ಒಂದು ಮಹಡಿ ಏರಿಸಿ ನೆರಳು ಹಾಕಿದೆಯಾ ನೋಡಿ. ಚಳಿಗಾಲದಲ್ಲಿ ಸೂರ್ಯ ದಕ್ಷಿಣಕ್ಕೆ ವಾಲುವುದರಿಂದ ಬೇಸಿಗೆಯಲ್ಲಿ ಇಲ್ಲದ ನೆರಳು ಈಗ ಬೀಳುತ್ತದೆ. ಟ್ಯಾಂಕಿನ ಮೇಲೆ ಎದ್ದು ನಿಂತಿರುವ ಗಾಳಿ ಪೈಪಿನ ಬಾಯಿ ಮುಚ್ಚಿರಬಾರದು. ಗಾಜಿನ ಟ್ಯೂಬಿನ ಸೋಲಾರನ್ನು ತೊಳೆಯಲು ಖಾಲಿ ಮಾಡಿದ್ದರೆ ಮಧ್ಯಾಹ್ನ ನೀರು ಬಿಡಬೇಡಿ. ಖಾಲಿ ಟ್ಯೂಬ್ ಬಿಸಿಲಿಗೆ ಕಾದು ಕೆಂಡವಾಗಿರುತ್ತದೆ, ತಣ್ಣೀರು ಬಿದ್ದರೆ ಪಟ್ ಅಂತ ಸೀಳುತ್ತದೆ. ಸೂರ್ಯ ಹುಟ್ಟುವ ಮೊದಲು ತುಂಬಿಸಿ. ತಾಮ್ರದ ಕೊಳವೆಯ ಚಪ್ಪಟೆ ಪ್ಯಾನೆಲ್ ಆಗಿದ್ದು ಬೋರ್ ನೀರು ಹೋಗುತ್ತಿದ್ದರೆ ಸಣ್ಣ ಕೊಳವೆಗಳಲ್ಲಿ ಸುಣ್ಣ ಕಟ್ಟುತ್ತದೆ, ಅದನ್ನು ಸೋಲಾರಿನವರೇ ತೆಗೆಯಬೇಕು.

ಆದರೆ ನನ್ನನ್ನು ಎರಡು ತಿಂಗಳು ಆಟ ಆಡಿಸಿದ್ದು ಇದ್ಯಾವುದೂ ಅಲ್ಲ. ಟೆರೇಸಿನಲ್ಲಿ ಟ್ಯಾಂಕಿನ ಪೈಪು ಮುಟ್ಟಿದರೆ ಕೈ ಸುಡುತ್ತದೆ, ನಮ್ಮ ಬಚ್ಚಲಲ್ಲಿ ಬರುವುದು ಮಾತ್ರ ಉಗುರುಬೆಚ್ಚಗಿನ ನೀರು. ಮೂವರು ಬಂದು ನೋಡಿದರು. ಒಬ್ಬರು ಟ್ಯೂಬ್ ಬದಲಾಯಿಸಿ ಅಂದರು, ಇನ್ನೊಬ್ಬರು ಟ್ಯಾಂಕೇ ಹೋಗಿದೆ ಅಂದರು. ಮೂರನೆಯವರು ವಯಸ್ಸಾದ ಪ್ಲಂಬರ್. ಟೆರೇಸಿಗೆ ಹೋಗಲೇ ಇಲ್ಲ. "ಕೆಳಗಡೆ ಬಾಡಿಗೆಯವರ ಬಚ್ಚಲು ತೋರಿಸಿ" ಅಂದರು. ಅಲ್ಲಿ ಹ್ಯಾಂಡ್ ಶವರಿಗೆ ತುದಿಯಲ್ಲಿ ಒಂದು ಗುಂಡಿ ಇತ್ತು. ಬಾಡಿಗೆಯವರು ಬಿಸಿನೀರು, ತಣ್ಣೀರು ಬೆರೆಸುವ ಮಿಕ್ಸರ್ ನಲ್ಲಿಯ ಎರಡೂ ನಾಬ್ ತೆರೆದಿಟ್ಟು, ಆ ಗುಂಡಿಯಲ್ಲಿ ಮಾತ್ರ ನೀರು ನಿಲ್ಲಿಸುತ್ತಿದ್ದರು. ಹೀಗೆ ಮಾಡಿದರೆ ಮಿಕ್ಸರ್ ಒಳಗೆ ತಣ್ಣೀರಿನ ಪೈಪೂ ಬಿಸಿನೀರಿನ ಪೈಪೂ ಒಂದಾಗಿಬಿಡುತ್ತವೆ. ಮೇಲೆ ನಮ್ಮ ಮನೆಯಲ್ಲಿ ಬಿಸಿನೀರು ತೆರೆದಾಗಲೆಲ್ಲ ಕೆಳಗಿನ ತಣ್ಣೀರು ಆ ದಾರಿಯಲ್ಲಿ ನುಗ್ಗಿ ಬಂದು ಬೆರೆಯುತ್ತಿತ್ತು. ತಣ್ಣೀರಿನ ಲೈನಿಗೆ ಮಾತ್ರ ಪ್ರೆಷರ್ ಪಂಪ್ ಇರುವ ಮನೆಗಳಲ್ಲಿ ಇದು ಇನ್ನೂ ಜಾಸ್ತಿ.

ನೀವೇ ಪರೀಕ್ಷೆ ಮಾಡಬಹುದು. ಸಂಜೆ ಹೊತ್ತಿನಲ್ಲಿ ಸೋಲಾರ್ ಟ್ಯಾಂಕಿಗೆ ತಣ್ಣೀರು ಹೋಗುವ ವಾಲ್ವ್ ಮುಚ್ಚಿ. ಕೆಳಗೆ ಬಂದು ಒಂದು ಬಿಸಿನೀರಿನ ನಲ್ಲಿ ಮಾತ್ರ ತೆರೆಯಿರಿ. ಸ್ವಲ್ಪ ಹೊತ್ತಿನಲ್ಲಿ ಧಾರೆ ಸಣ್ಣಗಾಗಿ ನಿಲ್ಲಬೇಕು. ನಿಲ್ಲದೆ ತಣ್ಣಗೆ ಹರಿಯುತ್ತಲೇ ಇದ್ದರೆ ಮನೆಯ ಯಾವುದೋ ಮಿಕ್ಸರ್ ಕಳ್ಳ. ಒಂದೊಂದೇ ಬಚ್ಚಲಿನ ಮಿಕ್ಸರ್ ಪೂರ್ತಿ ಮುಚ್ಚಿಸಿ ನೋಡುತ್ತಾ ಹೋಗಿ. ಎಲ್ಲ ಮುಚ್ಚಿದರೂ ಹರಿಯುತ್ತಿದ್ದರೆ ಯಾವುದೋ ಮಿಕ್ಸರಿನ ಒಳಗಿನ ಕಾರ್ಟ್ರಿಜ್ ಸವೆದಿದೆ. ಆ ಮಿಕ್ಸರಿಗೆ ಹೋಗುವ ಬಿಸಿನೀರಿನ ಲೈನಿಗೆ ನೀರು ಹಿಂದಕ್ಕೆ ಹರಿಯದಂತೆ ತಡೆಯುವ ನಾನ್‌ರಿಟರ್ನ್ ವಾಲ್ವ್ ಕೂರಿಸಿದರೆ ಮತ್ತೆ ಈ ಕಾಟ ಇಲ್ಲ. ಮುಗಿದ ಮೇಲೆ ಟೆರೇಸಿನ ವಾಲ್ವ್ ತೆರೆಯಲು ಮರೆಯಬೇಡಿ. ನಾನು ಮರೆತಿದ್ದೆ.

ಮೋಡದ ದಿನಗಳಿಗೂ ಯೋಚಿಸಿ. ನವೆಂಬರ್, ಡಿಸೆಂಬರಿನಲ್ಲಿ ಬಂಗಾಳ ಕೊಲ್ಲಿಯಲ್ಲಿ ಚಂಡಮಾರುತ ಎದ್ದರೆ ನಮಗೆ ಮೂರ್ನಾಲ್ಕು ದಿನ ಸೂರ್ಯ ಕಾಣುವುದಿಲ್ಲ. 2024ರ ಡಿಸೆಂಬರ್ ಮೊದಲ ವಾರ ಫೆಂಗಲ್ ಬಂದಾಗ ಹಾಗೇ ಆಯಿತು. ಸೋಲಾರ್ ಟ್ಯಾಂಕಿನೊಳಗಿನ ಕಾಯಿಲ್ ಹಾಕಿದರೆ 200 ಲೀಟರನ್ನೂ ಅದು ಕಾಯಿಸುತ್ತದೆ. 30 ಡಿಗ್ರಿ ಏರಿಸಲು ಸುಮಾರು 7 ಯೂನಿಟ್, 2 ಕಿಲೋವಾಟಿನಲ್ಲಿ ಮೂರೂವರೆ ಗಂಟೆ. ಇಬ್ಬರೇ ಇರುವ ಮನೆಗೆ ಇದು ದಂಡ. ಬಚ್ಚಲಲ್ಲಿ ಚಿಕ್ಕ ಗೀಸರ್ ಒಂದಿದ್ದರೆ ಆ ನಾಲ್ಕು ದಿನ ಕಳೆಯುತ್ತದೆ.

ಬಿಸಿನೀರಿನ ಪೈಪಿಗೆ ಸ್ವೆಟರ್

ಡಾಲಸ್ಸಿನ ತಂಗಿ ಪೈಪಿಗೆ ಸುತ್ತುವುದು ನೀರು ಹೆಪ್ಪುಗಟ್ಟದಿರಲಿ ಅಂತ. ನಾವು ಸುತ್ತಬೇಕಾದದ್ದು ಬಿಸಿ ಆರದಿರಲಿ ಅಂತ. ಮುಕ್ಕಾಲು ಇಂಚಿನ ಪೈಪಿನಲ್ಲಿ ಮೀಟರಿಗೆ ಸುಮಾರು ಕಾಲು ಲೀಟರ್ ನೀರು ಕೂತಿರುತ್ತದೆ. ಟೆರೇಸಿನಿಂದ ಬಚ್ಚಲಿಗೆ 15 ಮೀಟರ್ ಇದ್ದರೆ ಹತ್ತಿರ ಹತ್ತಿರ 4 ಲೀಟರ್. ನಾಲ್ಕು ಜನ ಬೇರೆ ಬೇರೆ ಹೊತ್ತಿಗೆ ಸ್ನಾನಕ್ಕೆ ಹೋಗಿ, ಬಿಸಿ ಬರಲಿ ಅಂತ ನಲ್ಲಿ ಬಿಟ್ಟು ನಿಂತರೆ ದಿನಕ್ಕೆ ಒಂದು ದೊಡ್ಡ ಬಕೆಟ್ ಮೋರಿಗೆ. ಕಾವೇರಿ ನೀರು ಶುದ್ಧೀಕರಿಸುವ ಟಿ.ಕೆ. ಹಳ್ಳಿಯಿಂದ ಸುಮಾರು 100 ಕಿಲೋಮೀಟರ್ ದೂರ ಪಂಪ್ ಮಾಡಿ ಮೇಲೆತ್ತಿ ತಂದ ನೀರು ಅದು.

ಹಾರ್ಡ್‌ವೇರ್ ಅಂಗಡಿಯಲ್ಲಿ ಪೈಪಿನ ಇನ್ಸುಲೇಷನ್ ಅಂತ ಕೇಳಿದರೆ ಕಪ್ಪು ರಬ್ಬರ್ ಫೋಮಿನ ಕೊಳವೆ ಕೊಡುತ್ತಾರೆ. ನಿಮ್ಮ ಪೈಪಿನ ಹೊರ ಅಳತೆ ಸರಿಯಾಗಿ ಹೇಳಿ. ಒಳಗೆ 9 ಮಿಲಿಮೀಟರ್ ದಪ್ಪದ್ದು ನಡೆಯುತ್ತದೆ, ಟೆರೇಸಿಗೆ 13 ಮಿಲಿಮೀಟರ್ ಮೇಲು. ಚಾಕುವಿನಿಂದ ಉದ್ದಕ್ಕೆ ಸೀಳಿ, ಪೈಪಿಗೆ ತೊಡಿಸಿ, ಸೀಳಿದ ಬಾಯಿ ಕೆಳಮುಖವಾಗಿರುವಂತೆ ತಿರುಗಿಸಿ. ಮಳೆ ನೀರು ಒಳಗೆ ಇಳಿಯುವುದಿಲ್ಲ. ಮೊಣಕೈ ತಿರುವುಗಳನ್ನು ಬಿಡಬೇಡಿ, ಬಿಸಿ ಹೆಚ್ಚು ಸೋರುವುದು ಬಿಟ್ಟ ಜಾಗಗಳಲ್ಲೇ. ಕೊನೆಗೆ ಮೇಲಿನಿಂದ ಅಲ್ಯುಮಿನಿಯಂ ಟೇಪ್ ಸುತ್ತಿ. ಬರೀ ಕಪ್ಪು ಫೋಮ್ ಬಿಸಿಲಿಗೆ ಪುಡಿಪುಡಿಯಾಗುತ್ತದೆ, ಉಳಿದಿದ್ದನ್ನು ಅಳಿಲು ಗೂಡಿಗೆ ಒಯ್ಯುತ್ತದೆ. ನಮ್ಮ ಮನೆಯಲ್ಲಿ ಒಯ್ದಿದೆ. ಫೋಮ್ ಹಾಕಿದರೂ ರಾತ್ರಿಯಿಡೀ ಬಿಸಿ ನಿಲ್ಲುವುದಿಲ್ಲ. ಒಬ್ಬರ ಸ್ನಾನಕ್ಕೂ ಇನ್ನೊಬ್ಬರ ಸ್ನಾನಕ್ಕೂ ನಡುವಿನ ಹೊತ್ತು ಕಾಪಾಡುತ್ತದೆ. ಮೊದಲ ಸ್ನಾನದವರು ಬರುವ ತಣ್ಣೀರನ್ನು ಬಕೆಟ್ಟಿಗೆ ಹಿಡಿದರಾಯಿತು, ಹೇಗೂ ಬಿಸಿಗೆ ಬೆರೆಸಲು ಬೇಕಲ್ಲ.

ನಲ್ಲಿಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ತೊಟ್ಟಿಕ್ಕುವ ಬಿಸಿನೀರಿನ ನಲ್ಲಿಯ ವಾಷರ್ ಈಗಲೇ ಬದಲಾಯಿಸಿ, ಕಾಯಿಸಿದ ನೀರು ಸೋರಿದರೆ ನಷ್ಟ ಎರಡು ಪಟ್ಟು. ಶವರಿನ ತೂತುಗಳು ಕಟ್ಟಿದ್ದರೆ ಪ್ಲಾಸ್ಟಿಕ್ ಕವರಿನಲ್ಲಿ ವಿನೆಗರ್ ತುಂಬಿ ಅದರ ಮೂತಿಗೆ ಕಟ್ಟಿ ರಾತ್ರಿ ಬಿಡಿ. ಗೀಸರಿನ ಕನೆಕ್ಷನ್ ಪೈಪಿನ ನಟ್ಟುಗಳ ಸುತ್ತ ಟಿಶ್ಯೂ ಒತ್ತಿ ನೋಡಿ, ಒದ್ದೆಯಾದರೆ ಹೊಸ ಪೈಪ್ ಹಾಕಿ.

ಗ್ಯಾಸ್ ಗೀಸರ್ ಇರುವವರು ಇದನ್ನು ಓದಲೇಬೇಕು

ಬಚ್ಚಲಿನ ಒಳಗೆ ಗ್ಯಾಸ್ ಗೀಸರ್ ಇದ್ದರೆ ಇವತ್ತೇ ಹೊರಗೆ ಹಾಕಿಸಿ. ಚಳಿ ಅಂತ ಕಿಟಕಿ, ವೆಂಟಿಲೇಟರ್ ಮುಚ್ಚಿ ಸ್ನಾನಕ್ಕೆ ನಿಲ್ಲುತ್ತೇವೆ. ಗಾಳಿ ಸಾಲದೆ ಗ್ಯಾಸ್ ಅರ್ಧಂಬರ್ಧ ಉರಿದು ಕಾರ್ಬನ್ ಮಾನಾಕ್ಸೈಡ್ ಹುಟ್ಟುತ್ತದೆ. ಅದಕ್ಕೆ ವಾಸನೆ ಇಲ್ಲ, ಬಣ್ಣ ಇಲ್ಲ. ತಲೆ ಭಾರ, ತಲೆಸುತ್ತು, ಆಮೇಲೆ ಕೂತಲ್ಲೇ ಪ್ರಜ್ಞೆ ತಪ್ಪುತ್ತದೆ. ಈ ಊರಿನಲ್ಲಿ ಹೀಗೆ ಜೀವ ಹೋದ ಸುದ್ದಿಗಳನ್ನು ನೀವೂ ಓದಿದ್ದೀರಿ. ಗೀಸರೂ ಸಿಲಿಂಡರೂ ಹೊರಗೆ, ಗಾಳಿಯಾಡುವ ಯುಟಿಲಿಟಿಯಲ್ಲಿ ಇರಲಿ, ಒಳಗೆ ಬಿಸಿನೀರಿನ ಪೈಪು ಮಾತ್ರ ಬರಲಿ. ಉರಿ ನೀಲಿ ಬಿಟ್ಟು ಹಳದಿಯಾಗಿದ್ದರೆ ಸರ್ವಿಸ್ ಆಗುವವರೆಗೂ ಹಚ್ಚಬೇಡಿ. ಒಳಗೆ ಹೋದವರು ತಡ ಮಾಡಿದರೆ ಬಾಗಿಲು ಬಡಿಯಲು ಸಂಕೋಚ ಪಡಬೇಡಿ.

ಪಿಜಿಯಲ್ಲಿದ್ದು ಬಕೆಟ್ಟಿಗೆ ಕಾಯಿಲ್ ಹಾಕುವ ಹುಡುಗರಿಗೆ ಎರಡೇ ಮಾತು. ಬಕೆಟ್ ಪ್ಲಾಸ್ಟಿಕ್ಕಿನದಿರಲಿ, ಕಾಯಿಲ್ ಅದರ ಗೋಡೆಗೆ ತಾಗದಿರಲಿ. ಪ್ಲಗ್ ಕೀಳದೆ ನೀರು ಮುಟ್ಟಬೇಡಿ, ಸ್ವಿಚ್ ಆರಿಸಿದ್ದೇನೆ ಅನ್ನುವ ನಂಬಿಕೆ ಬೇಡ.

ಸಂಕ್ರಾಂತಿಗೆ ಊರಿಗೆ ಹೊರಟಾಗ

ಗೀಸರಿನ ಎಂಸಿಬಿ ಇಳಿಸಿ. ಟ್ಯಾಂಕಿನಿಂದ ಮನೆಯೊಳಗೆ ಬರುವ ವಾಲ್ವ್‌ಗಳನ್ನು ಮುಚ್ಚಿ, ಸೋಲಾರಿಗೆ ಹೋಗುವುದನ್ನು ಬಿಟ್ಟು. ಅದಕ್ಕೆ ನೀರು ಇರಲೇಬೇಕು. ಬೀದಿಯ ಮೀಟರ್ ಹತ್ತಿರ ಒಂದು ನಿಮಿಷ ನಿಲ್ಲಿ. ಸಂಪಿನ ಫ್ಲೋಟ್ ವಾಲ್ವ್ ಮುಚ್ಚಿಕೊಂಡಿದ್ದರೂ ಮುಳ್ಳು ತಿರುಗುತ್ತಿದ್ದರೆ ಮೀಟರಿನಿಂದ ಸಂಪಿನವರೆಗೆ ಎಲ್ಲೋ ನೆಲದಡಿ ಸೋರುತ್ತಿದೆ. ರಸ್ತೆ ಬದಿಯಲ್ಲೇ ನೀರು ಚಿಮ್ಮುತ್ತಿದ್ದರೆ ಜಲಮಂಡಳಿಯ 1916ಕ್ಕೆ ಫೋನ್ ಮಾಡಿ. ವಾಪಸ್ ಬಂದ ದಿನ ಗೀಸರನ್ನು ಒಮ್ಮೆ ಪೂರ್ತಿ ಕಾಯಿಸಿ, ಮೊದಲ ಬಕೆಟ್ ನೀರನ್ನು ಬಚ್ಚಲು ತೊಳೆಯಲು ಚೆಲ್ಲಿ, ಆಮೇಲೆ ಸ್ನಾನ ಮಾಡಿ.

ಕೊನೆಯದಾಗಿ, ಗೀಸರ್ ಪಕ್ಕದ ಟೈಲ್ಸ್ ಮೇಲೆ ಪರ್ಮನೆಂಟ್ ಮಾರ್ಕರಿನಲ್ಲಿ ಸರ್ವಿಸ್ ಮಾಡಿಸಿದ ತಿಂಗಳು, ವರ್ಷ ಬರೆದಿಡಿ. ಆನೋಡ್ ರಾಡ್ ಯಾವಾಗ ಬದಲಾಯಿಸಿದ್ದು ಅಂತಲೂ ಬರೆಯಿರಿ. ನಮ್ಮ ಟೈಲ್ಸ್ ಮೇಲೆ ಈಗ ನಾಲ್ಕು ಸಾಲು ಇದೆ. ಮಗಳು ಐದನೆಯದಕ್ಕೆ ಒಂದು ಚಿಕ್ಕ ಹಂಡೆಯ ಚಿತ್ರ ಬಿಡಿಸಿ ಜಾಗ ಬಿಟ್ಟಿದ್ದಾಳೆ.